ಹೊಸ ಊರಿನಲ್ಲಿ ಮನೆಯ ವೈದ್ಯರು

ಊರು ಬಿಟ್ಟು ಊರಿಗೆ ಬಂದು ಸಂಸಾರ ಹೂಡುವವರು ಮೊದಲು ವಿಚಾರಿಸುವುದು ನೀರು ಹೇಗೆ, ಹಾಲು ಎಲ್ಲಿ, ಮಕ್ಕಳಿಗೆ ಶಾಲೆ ಯಾವುದು ಎಂಬಿಷ್ಟನ್ನು. ವೈದ್ಯರ ಮಾತು ನೆನಪಾಗುವುದು ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ರಾತ್ರಿಯೇ. ಆಗ ಕೈಗೆ ಬರುವುದು ಮೊಬೈಲು. ಅದರಲ್ಲಿ ಬಡಾವಣೆಯ ಹೆಸರನ್ನು ಒತ್ತಿದರೆ ನಲವತ್ತು ವೈದ್ಯರ ಭಾವಚಿತ್ರಗಳು, ಪದವಿ, ಫೀಸು, ಬಿಡುವಿನ ವೇಳೆ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಒಂದು ಹೆಸರಿನ ಮೇಲೆ ಬೆರಳಿಟ್ಟರೆ ನಾಳೆ ಬೆಳಗಿನ 10-20ಕ್ಕೆ ನಿಮ್ಮ ಸರದಿ ಗೊತ್ತಾಯಿತು. ಇಂಥ ಸೇವೆಗಳಲ್ಲಿ ಹೆಸರಾದ ಪ್ರಾಕ್ಟೊ ಸಂಸ್ಥೆ 2008ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಈಗ ದೊಡ್ಡ ಆಸ್ಪತ್ರೆಗಳು ಅನೇಕವು ತಮ್ಮದೇ ಆ್ಯಪುಗಳನ್ನು ಇಟ್ಟುಕೊಂಡಿವೆ.

ಇದು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೀಗೆ ದೊರೆಯುವುದು ಒಬ್ಬ ವೈದ್ಯರ ಹತ್ತು ನಿಮಿಷ ಮಾತ್ರ. ಮನೆಯ ವೈದ್ಯರೆಂದು ನಾವು ಕರೆಯುತ್ತಿದ್ದುದು ಬೇರೊಂದನ್ನು. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಅವರು ಕುಳಿತ ಜಾಗಕ್ಕೆ ಡಾಕ್ಟರ ಷಾಪು ಎಂದೇ ಹೆಸರು. ಒಳಗೆ ಬಂದ ಹುಡುಗನನ್ನು ನೋಡಿ, "ಏನೋ, ನಿಮ್ಮಜ್ಜಿಯ ಮಂಡಿ ಈಗ ಹೇಗಿದೆ?" ಎಂದು ಕೇಳಿದ ಮೇಲೆಯೇ ಅವರು ಅವನ ನಾಲಗೆಯನ್ನು ನೋಡುತ್ತಿದ್ದುದು. ವೈದ್ಯ ಎಂಬ ಶಬ್ದಕ್ಕೆ ಮೂಲ ವಿದ್ ಎಂಬ ಧಾತು. ತಿಳಿಯುವುದು ಎಂದು ಅದರ ಅರ್ಥ. ರೋಗವನ್ನು ತಿಳಿದವರು ಆ ಪಟ್ಟಿಯಲ್ಲಿ ನಲವತ್ತು ಮಂದಿ ಇರಬಹುದು. ನಿಮ್ಮನ್ನು ತಿಳಿದವರು ಒಬ್ಬರೂ ಇಲ್ಲ. ಆ ಒಬ್ಬರನ್ನು ಅದೇ ಪಟ್ಟಿಯ ಸಹಾಯದಿಂದ ಸಂಪಾದಿಸಿಕೊಳ್ಳುವುದು ಹೇಗೆಂಬುದೇ ಇಲ್ಲಿ ಹೇಳಹೊರಟ ವಿಷಯ.

ಸಂಪಾದಿಸಿಕೊಳ್ಳದಿದ್ದರೆ ಏನಾಯಿತು ಎಂದು ಕೇಳುವವರಿದ್ದಾರೆ. ಒಂದು ಉದಾಹರಣೆಯನ್ನು ನೋಡೋಣ. ಎಪ್ಪತ್ತು ದಾಟಿದ ತಾಯಿಯೊಬ್ಬರು ರಕ್ತದೊತ್ತಡಕ್ಕೆಂದು ಟೆಲ್ಮಿಸಾರ್ಟಾನ್ ಮಾತ್ರೆಯನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದಾರೆ. ಕಾಲು ಊದಿತೆಂದು ಬೇರೊಬ್ಬ ವೈದ್ಯರು ನೀರು ಇಳಿಸುವ ಮಾತ್ರೆಯನ್ನು ಸೇರಿಸಿದರು. ಮಂಡಿನೋವು ಹೆಚ್ಚಾದಾಗ ಮಗ ಆ್ಯಪಿನಲ್ಲಿ ಮೂಳೆಯ ತಜ್ಞರೊಬ್ಬರನ್ನು ಗೊತ್ತುಮಾಡಿದ. ಅವರು ಡೈಕ್ಲೋಫೆನಾಕ್ ಬರೆದುಕೊಟ್ಟರು. ಮೂವರು ವೈದ್ಯರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಆದರೆ ಈ ಮೂರು ಬಗೆಯ ಔಷಧಗಳು ವಯಸ್ಸಾದ ದೇಹದಲ್ಲಿ ಒಟ್ಟಾದಾಗ ಮೂತ್ರಪಿಂಡಗಳು ಸೋಲುವ ಭಯವುಂಟು. ವಾಂತಿಭೇದಿಯಾಗಿ ಮೈಯ ನೀರು ಕಡಮೆಯಾದ ದಿನಗಳಲ್ಲಿ ಆ ಭಯ ಇನ್ನೂ ಹೆಚ್ಚು. ಮೂರು ಚೀಟಿಗಳನ್ನೂ ಒಂದೇ ಕಣ್ಣಿನಿಂದ ನೋಡುವವರು ಯಾರೂ ಇಲ್ಲದ್ದೇ ಇಲ್ಲಿಯ ಕೊರತೆ.

ನಾರ್ವೆ ದೇಶದಲ್ಲಿ ಪ್ರತಿಯೊಬ್ಬ ಪ್ರಜೆಗೂ ಇಂಥವರೇ ತನ್ನ ವೈದ್ಯರೆಂದು ಗೊತ್ತುಮಾಡಿಕೊಳ್ಳುವ ಹಕ್ಕುಂಟು. ಅಲ್ಲಿಯ 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರೇ ವೈದ್ಯರಲ್ಲಿ 15 ವರ್ಷಕ್ಕಿಂತ ಹೆಚ್ಚು ಕಾಲ ತೋರಿಸಿದವರಲ್ಲಿ, ಒಂದೇ ವರ್ಷದ ಪರಿಚಯವುಳ್ಳವರಿಗಿಂತ, ಸಾವಿನ ಸಂಭವವೂ ತುರ್ತಾಗಿ ಆಸ್ಪತ್ರೆಗೆ ಸೇರುವ ಸಂಭವವೂ ಸುಮಾರು ಕಾಲುಭಾಗದಷ್ಟು ಕಡಮೆಯಾಗಿದ್ದುವು. ಇದೆಲ್ಲ ಪರಿಚಯದ ಫಲವೆಂದೇ ಸಾಧಿಸಿ ತೋರಿಸುವುದು ಇಂಥ ಅಧ್ಯಯನದಿಂದ ಆಗದು. ಆದರೂ ಪರಿಚಯದ ವರ್ಷಗಳು ಹೆಚ್ಚಿದಂತೆ ಕ್ಷೇಮವೂ ಹೆಚ್ಚುತ್ತ ಹೋದದ್ದು ಅಲ್ಲಿ ಕಾಣುತ್ತದೆ.

ಇನ್ನು ಪಟ್ಟಿಯನ್ನು ಓದುವ ಕ್ರಮ. ಮೇಲುಗಡೆ ಇರುವ ಹೆಸರು ಮೇಲಾದ ವೈದ್ಯರದೇ ಎಂದು ಭಾವಿಸಬೇಡಿ; ಕೆಲವು ಕಡೆ ಅದು ಹಣ ಕೊಟ್ಟು ಪಡೆದ ಸ್ಥಾನ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಜಾಹೀರಾತು ಎಂದಿರುತ್ತದೆ. ಹೆಸರಿನ ಕೆಳಗೆ ನಕ್ಷತ್ರಗಳು. ನಮ್ಮ ಪಂಚಾಂಗದಲ್ಲಿ ಇಪ್ಪತ್ತೇಳು. ಇಲ್ಲಿ ಐದೇ, ಮತ್ತು ಎಲ್ಲರಿಗೂ ನಾಲ್ಕೂವರೆ! ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಅನುಭವದಿಂದ ಹೇಳುತ್ತೇನೆ, ಎಲ್ಲರಿಗೂ ಒಂದೇ ಅಂಕ ಬಂದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಜನರು ಬರೆದ ಮಾತುಗಳನ್ನು ಓದಿ. "ಸ್ವಾಗತ ಚೆನ್ನಾಗಿತ್ತು, ಎ.ಸಿ. ಇತ್ತು" ಎಂಬುದನ್ನು ದಾಟಿ ಮುಂದೆ ಹೋಗಿ. "ಆರು ವರ್ಷದಿಂದ ಇವರಲ್ಲಿಯೇ ತೋರಿಸುತ್ತಿದ್ದೇವೆ" ಎಂಬ ಒಂದು ಸಾಲು ಕಂಡರೆ ಅಲ್ಲಿ ನಿಲ್ಲಿ. "ನೆಗಡಿಗೆ ಆಂಟಿಬಯಾಟಿಕ್ ಕೊಡಲಿಲ್ಲ, ಬರೀ ವಿಶ್ರಾಂತಿ ಎಂದರು" ಎಂದು ಸಿಟ್ಟಿನಿಂದ ಒಂದೇ ನಕ್ಷತ್ರ ಕೊಟ್ಟವರಿದ್ದರೆ ಆ ವೈದ್ಯರ ಹೆಸರನ್ನು ಅವಶ್ಯವಾಗಿ ಗುರುತುಹಾಕಿಕೊಳ್ಳಿ. ಸಾಮಾನ್ಯ ನೆಗಡಿ ವೈರಸ್ಸಿನಿಂದ ಬರುವಂಥದು. ಆಂಟಿಬಯಾಟಿಕ್ ಅದನ್ನು ಮುಟ್ಟದು.

ಪದವಿಯ ವಿಷಯ. ಕುಟುಂಬ ವೈದ್ಯಕ್ಕೆಂದೇ ಸ್ನಾತಕೋತ್ತರ ಶಿಕ್ಷಣ ನಮ್ಮ ದೇಶದಲ್ಲಿಯೂ ಉಂಟು. ಫ್ಯಾಮಿಲಿ ಮೆಡಿಸಿನ್ ಎಂದು ಬರೆದಿರುವ ಎಂ.ಡಿ. ಅಥವಾ ಡಿ.ಎನ್.ಬಿ. ಪದವೀಧರರು ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ, ಒಂದೇ ಬೀದಿಯಲ್ಲಿ ಬಹಳ ಕಾಲದಿಂದ ಕುಳಿತಿರುವ ಎಂ.ಬಿ.ಬಿ.ಎಸ್. ವೈದ್ಯರು ಈ ಕೆಲಸಕ್ಕೆ ಏನೂ ಕಡಮೆಯಲ್ಲ. ಅಲೋಪಥಿ ವೈದ್ಯರ ನೋಂದಣಿ ಸಂಖ್ಯೆ ಷಾಪಿನಲ್ಲಿಯೂ ಚೀಟಿಯ ಮೇಲೆಯೂ ಇರಬೇಕೆಂದು 2002ರ ವೃತ್ತಿನೀತಿ ನಿಯಮಗಳು ವಿಧಿಸಿವೆ. ಆ ಸಂಖ್ಯೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಆಯುರ್ವೇದದ ವೈದ್ಯರಿಗೆ ಬೇರೆಯ ನೋಂದಣಿ.

ಸರದಿಯನ್ನು ಗೊತ್ತುಮಾಡುವಾಗ ಒಂದು ಸಣ್ಣ ಕಾಲಮನ್ನು ಬಹುಮಂದಿ ಅಲಕ್ಷಿಸುತ್ತಾರೆ. ಅದು ರೋಗಿಯ ಹೆಸರು. ಮೊಬೈಲು ಮಗನದು, ಆದ್ದರಿಂದ ಹೆಸರೂ ವಯಸ್ಸೂ ಮಗನದೇ ಬೀಳುತ್ತದೆ. ಎಪ್ಪತ್ತೆರಡು ವರ್ಷದ ತಾಯಿಯ ಸಕ್ಕರೆಯ ಲೆಕ್ಕ ಮೂವತ್ತೆಂಟು ವರ್ಷದ ಮಗನ ಖಾತೆಯಲ್ಲಿ ಸೇರುತ್ತದೆ. ಮಗ ಅಮೆರಿಕದಲ್ಲಿದ್ದು ಮೈಸೂರಿನ ತಾಯಿಗೆ ವೇಳೆ ಗೊತ್ತುಮಾಡಿದ್ದರಂತೂ ರಕ್ತಪರೀಕ್ಷೆಯ ವರದಿ ಅಮೆರಿಕಕ್ಕೆ ಹೋಗಿ ತಾಯಿಯ ಕೈ ಬರಿದಾಗಿರುತ್ತದೆ. ಬಹುತೇಕ ಆ್ಯಪುಗಳಲ್ಲಿ ಮನೆಯವರ ಹೆಸರನ್ನು ಬೇರೆಬೇರೆಯಾಗಿ ಸೇರಿಸಲು ಅವಕಾಶವಿದೆ. ಮೊದಲ ದಿನವೇ ಸೇರಿಸಿಬಿಡಿ. ಆಭಾ ಎಂಬ 14 ಅಂಕಿಗಳ ಆರೋಗ್ಯಸಂಖ್ಯೆಯನ್ನೂ ಪ್ರತಿಯೊಬ್ಬರಿಗೂ ಬೇರೆಯಾಗಿ ಮಾಡಿಸಬಹುದು. ಈ ಏರ್ಪಾಟಿಗೆ ಸೇರಿದ ಆಸ್ಪತ್ರೆಗಳ ದಾಖಲೆಗಳು ರೋಗಿಯ ಒಪ್ಪಿಗೆಯ ಮೇಲೆ ಅದಕ್ಕೆ ಜೋಡಣೆಯಾಗುತ್ತವೆ.

ಪಟ್ಟಿಯಲ್ಲಿ ವೈದ್ಯರು ಬಲ್ಲ ಭಾಷೆಗಳೂ ಇರುವುದುಂಟು. ಇದನ್ನು ಅಭಿಮಾನದ ಮಾತೆಂದು ತಿಳಿಯಬೇಡಿ. ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ರೋಗಿಗೂ ಗುಣಗಳನ್ನು ವಿಧಿಸುತ್ತದೆ. ಅವನಿಗೆ ನೆನಪಿರಬೇಕು, ಅವನು ಹೇಳಿದಂತೆ ನಡೆಯಬೇಕು, ಅಂಜಬಾರದು, ತನ್ನ ಬಾಧೆಯನ್ನು ತಿಳಿಸಬಲ್ಲವನಾಗಿರಬೇಕು. ಈ ಕೊನೆಯದು ತಾಯ್ನುಡಿಯಲ್ಲಿ ಅಲ್ಲದೆ ಹೇಗೆ ಸಾಧ್ಯ? ನಮ್ಮ ಅಜ್ಜಿಯರಲ್ಲಿ ನೋವಿಗೆ ಒಂದೇ ಮಾತಲ್ಲ. ಸೆಳೆತ ಬೇರೆ, ಚಳುಕು ಬೇರೆ, ಸಿಡಿತ ಬೇರೆ. ಉರಿ, ಜೋಮು, ಹಿಂಡಿದಂತೆ, ಕುಟ್ಟಿದಂತೆ. ಪ್ರತಿಯೊಂದೂ ವೈದ್ಯರಿಗೆ ಒಂದೊಂದು ಸುಳಿವು. ಜೊತೆಯಲ್ಲಿ ಹೋದ ಮೊಮ್ಮಗ ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸುವಾಗ ಎಲ್ಲವೂ 'ಪೇಯ್ನ್' ಆಗುತ್ತದೆ. ಅಜ್ಜಿ ಎದೆಯ ಮೇಲೆ ಕಲ್ಲು ಹೇರಿದಂತಿದೆ ಎಂದದ್ದು 'ಗ್ಯಾಸ್' ಆಗುತ್ತದೆ. (ಎದೆ ಹಾಗೆ ಭಾರವಾಗಿ ಬೆವರು ಬಂದರೆ ಆ್ಯಪನ್ನು ತೆರೆಯುತ್ತ ಕೂರಬಾರದು, 108ಕ್ಕೆ ಫೋನು ಮಾಡಬೇಕು.) ಅಜ್ಜಿಯ ಮಾತನ್ನು ನೇರವಾಗಿ ಕೇಳಬಲ್ಲ ವೈದ್ಯರು ಎರಡು ಮೈಲಿ ದೂರದಲ್ಲಿದ್ದರೂ ಹೋಗಬಹುದೆಂದು ನನ್ನ ಅಭಿಪ್ರಾಯ.

ಮೊದಲ ಭೇಟಿಯನ್ನು ಮೈ ನೆಟ್ಟಗಿರುವಾಗಲೇ ಇಟ್ಟುಕೊಳ್ಳಿ. ಒತ್ತಡ ನೋಡಿಸುವ ನೆಪ ಸಾಕು. ಸೋಮವಾರ ಸಂಜೆಯ ಗದ್ದಲವನ್ನು ಬಿಟ್ಟು ವಾರದ ನಡುವಿನ ಬೆಳಗನ್ನು ಆರಿಸಿಕೊಳ್ಳಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಕಷಾಯದ ಪುಡಿಯನ್ನೂ ಬಿಡದೆ, ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಆಮೇಲೆ ಸುಮ್ಮನೆ ಗಮನಿಸಿ. ಅವರು ಚೀಲವನ್ನು ನೋಡುತ್ತಾರೆಯೇ? ತಂದೆತಾಯಿಗಳಿಗೆ ಏನು ಕಾಯಿಲೆಯಿತ್ತು, ಯಾವ ಔಷಧ ಮೈಗೆ ಒಗ್ಗದು ಎಂದು ಕೇಳುತ್ತಾರೆಯೇ? ಒಂದು ಮಾತ್ರೆಯನ್ನಾದರೂ "ಇದು ಇನ್ನು ಬೇಡ" ಎನ್ನುವ ಧೈರ್ಯವುಂಟೇ? "ಭಾನುವಾರ ರಾತ್ರಿ ತೊಂದರೆಯಾದರೆ ಏನು ಮಾಡಲಿ?" ಎಂದು ನೀವಾಗಿ ಕೇಳಿ, ಉತ್ತರದಲ್ಲಿ ಬಹಳಷ್ಟು ತಿಳಿಯುತ್ತದೆ.

ಸರ್ಕಾರದ ಇ-ಸಂಜೀವನಿಯಲ್ಲಿ ಮನೆಯಿಂದಲೇ ವೈದ್ಯರೊಡನೆ ಮಾತನಾಡಬಹುದು. 2020ರ ಏಪ್ರಿಲಿನಿಂದ ಸಾರ್ವಜನಿಕರಿಗೆ ತೆರೆದಿರುವ ಇದಕ್ಕೆ ಫೀಸಿಲ್ಲ. ಸಣ್ಣಪುಟ್ಟ ತೊಂದರೆಗೆ ಒಳ್ಳೆಯ ಏರ್ಪಾಟೇ. ಆದರೆ ಪ್ರತಿಸಲವೂ ಅದೇ ವೈದ್ಯರೇ ಸಿಗುವರೆಂಬ ನಂಬಿಕೆಯಿಲ್ಲ.

ಎರಡನೆಯ ಸಲ ಹೋಗುವ ದಿನವೇ ನಿಜವಾದ ತೊಡಕು. ನಿಮ್ಮ ವೈದ್ಯರಿಗೆ ನಾಳಿದ್ದು ಬಿಡುವು. ಆ್ಯಪು ಮಾತ್ರ ಅರ್ಧ ಗಂಟೆಯೊಳಗೆ ಬಿಡುವಿರುವ ಬೇರೆ ಐವರನ್ನು ತೋರಿಸಿ ಕರೆಯುತ್ತದೆ. ಕಾಯಬಹುದಾದ ಕಾಯಿಲೆಯಾದರೆ ನಾಳಿದ್ದಿನವರೆಗೆ ಕಾಯಿರಿ. ಅಥವಾ ಷಾಪಿಗೇ ಫೋನು ಮಾಡಿ ಕೇಳಿ. ಆ್ಯಪಿನಲ್ಲಿ ಇಲ್ಲದ ವೇಳೆ ಅಲ್ಲಿ ಸಿಗುವುದುಂಟು. ಎರಡು ಮೂರು ಭೇಟಿಗಳಾದರೂ ಮನಸ್ಸಿಗೆ ಹೊಂದದಿದ್ದರೆ ಬೇರೆಯವರನ್ನು ನೋಡಲು ಸಂಕೋಚಪಡಬೇಕಾಗಿಲ್ಲ. ನಿಮ್ಮ ದಾಖಲೆಗಳ ಪ್ರತಿಯನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ಮೇಲೆ ಹೇಳಿದ ನಿಯಮಗಳಲ್ಲಿಯೇ ಇದೆ. ಹೊಸಬರ ಬಳಿಗೆ ಹೋಗುವಾಗ ಆ ಕಾಗದಗಳನ್ನೂ ಮಾತ್ರೆಯ ಚೀಲವನ್ನೂ ತೆಗೆದುಕೊಂಡೇ ಹೋಗಿ.