ಕಾಡುಕುದುರೆ ಮನೆಗೆ ಬಂದಾಗ

ಕುದುರೆಯನ್ನು ದತ್ತು ತೆಗೆದುಕೊಳ್ಳುವವರೂ ಇದ್ದಾರೆ ಎಂದರೆ ನಿಮಗೆ ಅಚ್ಚರಿಯಾಗಬಹುದು. ಅದೂ ಮನುಷ್ಯನ ಕೈ ಸೋಕದ ಕಾಡುಕುದುರೆಯನ್ನು!

ಅಮೆರಿಕದ ಪಶ್ಚಿಮ ರಾಜ್ಯಗಳ ಬಯಲುಗಳಲ್ಲಿ 'ಮಸ್ಟಾಂಗ್' ಎಂಬ ಕುದುರೆಗಳು ಹಿಂಡುಹಿಂಡಾಗಿ ಅಲೆಯುತ್ತವೆ. ಹಿಂದೆ ಇವುಗಳನ್ನು ವಿಮಾನ, ಟ್ರಕ್‌ಗಳಿಂದ ಅಟ್ಟಿ ಹಿಡಿದು ಕಸಾಯಿಖಾನೆಗೆ ಸಾಗಿಸುತ್ತಿದ್ದರು. 1950ರಲ್ಲಿ ನೆವಾಡಾದ ವೆಲ್ಮಾ ಜಾನ್‌ಸ್ಟನ್ ಎಂಬ ಮಹಿಳೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಕುದುರೆಗಳನ್ನು ತುಂಬಿದ್ದ ಲಾರಿಯೊಂದರಿಂದ ರಕ್ತ ಸೋರುವುದನ್ನು ಕಂಡರು. ಬಾಲ್ಯದಲ್ಲಿ ಪೋಲಿಯೊಗೆ ತುತ್ತಾಗಿದ್ದ, ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಸಾಮಾನ್ಯ ಹೆಂಗಸು ಆಕೆ. ಆದರೆ ಸುಮ್ಮನೆ ಕೂರಲಿಲ್ಲ. ಶಾಲಾ ಮಕ್ಕಳು ಕೂಡ ಆಕೆಯ ಬೆಂಬಲಕ್ಕೆ ನಿಂತು ಸರಕಾರಕ್ಕೆ ಪತ್ರಗಳ ಸುರಿಮಳೆಗೈದರು. 1959ರಲ್ಲಿ ಒಂದು ಕಾನೂನು, 1971ರಲ್ಲಿ ಇನ್ನಷ್ಟು ಬಲವಾದ ರಕ್ಷಣಾ ಕಾನೂನು ಬಂತು.

ರಕ್ಷಣೆ ಸಿಕ್ಕಾಗ ಸಂಖ್ಯೆ ಹೆಚ್ಚಿತು. ಹುಲ್ಲು, ನೀರು ಸಾಲದಾಯಿತು. ಆಗ ಹೆಚ್ಚುವರಿ ಕುದುರೆಗಳನ್ನು ಹಿಡಿದು ಜನರಿಗೆ ದತ್ತು ಕೊಡುವ ವ್ಯವಸ್ಥೆಯನ್ನು ಸರಕಾರವೇ ಮಾಡಿತು. ಈವರೆಗೆ ಎರಡು ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಹೀಗೆ ಮನೆ ಸೇರಿವೆ.

ದತ್ತು ಪಡೆಯುವುದು ಅಷ್ಟು ಸುಲಭವಲ್ಲ. ಒಂದು ಕುದುರೆಗೆ ಕನಿಷ್ಠ 400 ಚದರ ಅಡಿ ಜಾಗ, ಪಳಗದ ದೊಡ್ಡ ಕುದುರೆಗಾದರೆ 6 ಅಡಿ ಎತ್ತರದ ಬೇಲಿ, ಬಿಸಿಲು ಮಳೆಗೆ ಆಸರೆ ಇರಲೇಬೇಕು. ಒಂದು ವರ್ಷ ಚೆನ್ನಾಗಿ ಸಾಕಿದ ಮೇಲಷ್ಟೇ ಅದು ನಿಮ್ಮದೆಂಬ ಪತ್ರ ಕೈಗೆ ಬರುತ್ತದೆ.

ನಿಜವಾದ ಪರೀಕ್ಷೆ ಮನೆಯಲ್ಲೇ. ಹೊಸದಾಗಿ ಬಂದ ಕುದುರೆ ಜನರನ್ನು ಕಂಡೊಡನೆ ಬೇಲಿಯ ಮೂಲೆಗೆ ಓಡುತ್ತದೆ. ಆರಂಭದಲ್ಲಿ ಅನೇಕರು ಅಂಗಳದಲ್ಲಿ ಕುರ್ಚಿ ಹಾಕಿ, ಗಂಟೆಗಟ್ಟಲೆ ಸುಮ್ಮನೆ ಕುಳಿತಿರುತ್ತಾರೆ. ಅದು ತಾನಾಗಿ ಒಂದು ಹೆಜ್ಜೆ ಹತ್ತಿರ ಬಂದರೆ ಅದೇ ಆ ದಿನದ ಸಂಪಾದನೆ. ಉದ್ದ ಬಿದಿರ ಕೋಲಿನಿಂದ ಮೆಲ್ಲನೆ ಬೆನ್ನು ಸವರಿ ಸ್ಪರ್ಶದ ಭಯ ಬಿಡಿಸುವವರೂ ಇದ್ದಾರೆ. ನಂತರ ಕೈಯಿಂದ ಹುಲ್ಲು, ಆಮೇಲೆ ಹಗ್ಗ, ಕೊನೆಗೆ ಗೊರಸು ಕತ್ತರಿಸಲು ಕಾಲೆತ್ತುವ ಅಭ್ಯಾಸ. ಅವಸರ ಮಾಡಿದರೆ ವಾರಗಳ ಶ್ರಮ ಒಂದೇ ಕ್ಷಣದಲ್ಲಿ ಮಣ್ಣುಪಾಲಾಗುತ್ತದೆ.

ನೆವಾಡಾದ ಕಾರ್ಸನ್ ಸಿಟಿಯ ಸೆರೆಮನೆಯಲ್ಲಿ ಕೈದಿಗಳೇ ಈ ಕುದುರೆಗಳನ್ನು ಪಳಗಿಸಿ ದತ್ತುವಿಗೆ ಸಿದ್ಧಪಡಿಸಿದ್ದುಂಟು. ಬೈದು ಬಡಿದು ಕುದುರೆಯ ವಿಶ್ವಾಸ ಗಳಿಸಲಾಗದು ಎಂದು ತಿಳಿದಾಗ, ತಮ್ಮ ಕೋಪವನ್ನೇ ಮೊದಲು ಪಳಗಿಸಬೇಕಾಗುತ್ತದೆ.

ಇನ್ನೊಂದು ಮುಖವೂ ಇದೆ. 2019ರಲ್ಲಿ, ದತ್ತು ಪಡೆದವರಿಗೆ ಸರಕಾರ 1,000 ಡಾಲರ್ ಪ್ರೋತ್ಸಾಹಧನ ಘೋಷಿಸಿತು. ದತ್ತು ಹೆಚ್ಚಿತು ನಿಜ. ಆದರೆ ಕೆಲವರು ಹಣ ಕೈಸೇರಿದೊಡನೆ ಕುದುರೆಗಳನ್ನು ಹರಾಜಿಗೆ ತಳ್ಳಿದ್ದು, ಅಲ್ಲಿಂದ ಅವು ಕಸಾಯಿಖಾನೆಯ ದಾರಿ ಹಿಡಿಯುವ ಅಪಾಯವಿದ್ದದ್ದು 2021ರಲ್ಲಿ ಪತ್ರಿಕೆಗಳಲ್ಲಿ ಬಯಲಾಯಿತು. 2025ರಲ್ಲಿ ನ್ಯಾಯಾಲಯ ಆ ಯೋಜನೆಯನ್ನು ರದ್ದುಪಡಿಸಿತು. ತಾಳ್ಮೆಯನ್ನು ಹಣ ಕೊಟ್ಟು ಹುಟ್ಟಿಸಲಾದೀತೇ?

ಕುದುರೆ 25 ವರ್ಷಕ್ಕೂ ಮೇಲೆ ಬದುಕಬಲ್ಲದು. ನಿಮ್ಮ ಮಕ್ಕಳು ಬೆಕ್ಕಿನ ಮರಿಗಾಗಿಯೋ ಮೊಲಕ್ಕಾಗಿಯೋ ಹಟ ಹಿಡಿದರೆ ಈ ಕಥೆಯನ್ನು ಅವರಿಗೆ ಹೇಳಿ. ನಂತರ ಒಂದೇ ಪ್ರಶ್ನೆ ಕೇಳಿ: "ಬರುವ ವರ್ಷ ಇದೇ ಹೊತ್ತಿಗೆ ಇದಕ್ಕೆ ಊಟ ಹಾಕುವವರು ಯಾರು?" ಉತ್ತರ ಬಂದ ಮೇಲೆ ಮನೆಗೆ ತಂದರಾಯಿತು.