ಮಾರುವ ಗಣಕಯಂತ್ರದಲ್ಲಿ ಉಳಿಯುವುದೇನು?

ಗೌರಿಬಿದನೂರಿನ ಸುತ್ತಣ ಕಲ್ಲುನೆಲದಲ್ಲಿ 1965ರಲ್ಲಿ ಅಣುಶಕ್ತಿ ಇಲಾಖೆಯವರು ಭೂಕಂಪಮಾಪಕಗಳ ಎರಡು ಸಾಲುಗಳನ್ನು ಹೂಡಿದರು. ದೂರದೇಶಗಳ ಭೂಕಂಪಗಳನ್ನೂ ನೆಲದೊಳಗೆ ಸಿಡಿಸಿದ ಅಣುಬಾಂಬುಗಳ ನಡುಕವನ್ನೂ ಪತ್ತೆಹಚ್ಚುವುದು ಅವುಗಳ ಕೆಲಸವಾಗಿತ್ತು. ನೆಲದ ಆ ಸೂಕ್ಷ್ಮ ಕಂಪನಗಳು ವಿದ್ಯುತ್ ಸಂಕೇತಗಳಾಗಿ ಬಂದು ಕಾಂತಪಟ್ಟಿಗಳ, ಎಂದರೆ ಮ್ಯಾಗ್ನೆಟಿಕ್ ಟೇಪುಗಳ, ಮೇಲೆ ದಾಖಲಾಗುತ್ತಿದ್ದುವು. ಕಂಪನ ನಿಂತ ಮೇಲೂ, ವಿದ್ಯುತ್ತನ್ನು ಕಡಿದ ಮೇಲೂ, ಪಟ್ಟಿಯ ಮೇಲಿನ ಗುರುತು ಹಾಗೆಯೇ ಉಳಿಯುತ್ತದೆ. ವಿಜ್ಞಾನಿಗೆ ಇದು ಕಾಂತತ್ವದ ದೊಡ್ಡ ಗುಣ. ಹಳೆಯ ಗಣಕಯಂತ್ರವನ್ನು ಮಾರಹೊರಟವನಿಗಾದರೋ ಅದೇ ಗುಣವು ಅಪಾಯವಾಗಿ ಪರಿಣಮಿಸಬಹುದು.

ಇಂದು ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳಲ್ಲಿ ಗಣಕಯಂತ್ರವೆಂಬುದು ಅಪರೂಪದ ವಸ್ತುವಲ್ಲ. ತಾಲ್ಲೂಕು ಕಚೇರಿಯ ಆಸುಪಾಸಿನ ಪುಟ್ಟ ಅಂಗಡಿಗಳಲ್ಲಿ ಅದು ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತದೆ. ಮಾವಿನ ತೋಟದವನ ಪಹಣಿ, ರೇಷ್ಮೆ ಬೆಳೆಗಾರನ ಬ್ಯಾಂಕ್ ಪಾಸ್‌ಪುಸ್ತಕ, ವಿದ್ಯಾರ್ಥಿನಿಯ ಆದಾಯ ಪ್ರಮಾಣಪತ್ರ, ಮನೆಮಂದಿಯೆಲ್ಲರ ಆಧಾರ್ ಚೀಟಿ, ಇವೆಲ್ಲವೂ ಅದರ ಹೊಟ್ಟೆಯನ್ನು ಹೊಕ್ಕು ಹೊರಬರುತ್ತವೆ. ಹೊರಬಂದುದು ಕಾಗದ ಮಾತ್ರ. ಪ್ರತಿಯೊಂದರ ಚಿತ್ರವೂ ಒಳಗೇ ನಿಂತಿರುತ್ತದೆ. ವಿಂಡೋಸ್ 10ಕ್ಕೆ ಉಚಿತ ರಕ್ಷಣೆಯ ಸಾಮಾನ್ಯ ಅವಧಿಯು 2025ರ ಅಕ್ಟೋಬರ್ 14ರಂದು ಮುಗಿದುದರಿಂದ, ಅನೇಕರು ಇಂತಹ ಯಂತ್ರಗಳನ್ನು ಬದಲಾಯಿಸುವ ಆಲೋಚನೆಯಲ್ಲಿದ್ದಾರೆ. ಕೊಳ್ಳುವವರು ಬಹುಮಟ್ಟಿಗೆ ವಿದ್ಯಾರ್ಥಿಗಳು. ಈ ವ್ಯಾಪಾರದಲ್ಲಿ ಯಾವ ದೋಷವೂ ಇಲ್ಲ; ಕೆಲಸಕ್ಕೆ ಬರುವ ಯಂತ್ರವು ಕಸಕ್ಕೆ ಸೇರದೆ ಇನ್ನೊಬ್ಬರ ಮನೆಯನ್ನು ಸೇರುವುದು ಮೆಚ್ಚತಕ್ಕ ವಿಷಯವೇ. ಆದರೆ ಯಂತ್ರದೊಡನೆ ಮಾರಾಟವಾಗಬಾರದ ಸರಕೊಂದು ಅದರೊಳಗೆ ಇದೆ, ಮತ್ತು ಆ ಸರಕು ಮಾರುವವನದೂ ಅಲ್ಲ.

ಆ ಸರಕು ಎಲ್ಲಿರುತ್ತದೆ? ಹಳೆಯ ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಎಂಬ ಪೆಟ್ಟಿಗೆಯಲ್ಲಿ. ಒಳಗೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಬಾರಿ ತಿರುಗುತ್ತಿರುತ್ತವೆ. ತಟ್ಟೆಯ ಮೇಲೆ ತೆಳ್ಳನೆಯ ಕಾಂತೀಯ ಲೇಪವಿದೆ. ಲೇಪಕ್ಕೆ ತಾಗದಂತೆ, ಕೂದಲೆಳೆಯ ದಪ್ಪಕ್ಕಿಂತ ಸಾವಿರಾರು ಪಾಲು ಕಿರಿದಾದ ಅಂತರದಲ್ಲಿ, ಒಂದು ಸಣ್ಣ ತಲೆಯು ತೇಲುತ್ತ ಅಲ್ಲಲ್ಲಿನ ಕಾಂತದ ದಿಕ್ಕನ್ನು ಹೀಗೋ ಹಾಗೋ ತಿರುಗಿಸುತ್ತದೆ. ಇಂತಹ ತಿರುವುಗಳ ಸಾಲೇ ಸೊನ್ನೆ ಮತ್ತು ಒಂದುಗಳ ಬರಹ. 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದುವು. ಅಷ್ಟೂ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು. ಇಂದು ಅಂಗೈಯಲ್ಲಿ ಹಿಡಿಯಬಹುದಾದ 500 ಗಿಗಾಬೈಟಿನ ಡಿಸ್ಕ್ ಅಗ್ಗದ ಸರಕು. ಒಂದು ಆಧಾರ್ ಚೀಟಿಯ ಚಿತ್ರಕ್ಕೆ 200 ಕಿಲೋಬೈಟು ಬೇಕೆಂದು ಇಟ್ಟುಕೊಳ್ಳಿ. ಅಂತಹ 25 ಲಕ್ಷ ಚಿತ್ರಗಳು ಅದರಲ್ಲಿ ಹಿಡಿಯುತ್ತವೆ. 2011ರ ಜನಗಣತಿಯಂತೆ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12,55,104. ಎಂದರೆ ಇಡೀ ಜಿಲ್ಲೆಯ ಚೀಟಿಗಳನ್ನು ಸುಮಾರು ಎರಡೆರಡು ಬಾರಿ ಇಡುವಷ್ಟು ಸ್ಥಳ ಆ ಪೆಟ್ಟಿಗೆಯಲ್ಲಿದೆ!

ಹಾಗಾದರೆ ಕಡತಗಳನ್ನು ಅಳಿಸಿಬಿಟ್ಟರಾಯಿತಲ್ಲ ಎಂದು ವಾಚಕರು ಕೇಳಬಹುದು. 'ಡಿಲೀಟ್' ಗುಂಡಿಯನ್ನು ಒತ್ತಿದಾಗ ನಡೆಯುವುದೇನೆಂಬುದನ್ನು ನೋಡೋಣ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ರೈತನು ತಂದ ಗೂಡಿಗೆ ಲಾಟಿನ ಸಂಖ್ಯೆಯನ್ನು ಕೊಡುತ್ತಾರೆ. ಹರಾಜು, ತೂಕ, ಹಣ ಎಲ್ಲವೂ ಆ ಸಂಖ್ಯೆಯ ಮೇಲೆ ನಡೆಯುತ್ತವೆ. ಯಾರೋ ದಾಖಲೆಯಿಂದ ಒಂದು ಸಂಖ್ಯೆಯನ್ನು ಹೊಡೆದುಹಾಕಿದರೆನ್ನೋಣ. ಪುಸ್ತಕದ ಪ್ರಕಾರ ಆ ಸ್ಥಳವು ಖಾಲಿ. ಆದರೆ ಗೂಡಿನ ರಾಶಿ ಮಾತ್ರ ಅಲ್ಲಿಯೇ ಬಿದ್ದಿದೆ, ಬೇರೆ ಲಾಟನ್ನು ಅಲ್ಲಿ ಇಳಿಸುವವರೆಗೂ ಬಿದ್ದಿರುತ್ತದೆ. ಡಿಸ್ಕಿನಲ್ಲಿಯೂ ಹೀಗೆಯೇ. ಅಳಿದುದು ಕಡತದ ಹೆಸರು ಮತ್ತು ವಿಳಾಸ; ಕಾಂತದ ಗುರುತುಗಳಲ್ಲ. ವಿಂಡೋಸಿನ 'ಕ್ವಿಕ್ ಫಾರ್ಮ್ಯಾಟ್' ಕೂಡ ಹೊಸ ಪುಸ್ತಕವನ್ನು ತೆರೆಯುತ್ತದೆಯೇ ಹೊರತು ರಾಶಿಗಳನ್ನು ತೆಗೆಯುವುದಿಲ್ಲ. ಪುಸ್ತಕದ ಹಂಗಿಲ್ಲದೆ ರಾಶಿಗಳನ್ನೇ ಹುಡುಕಿ ಕಡತಗಳನ್ನು ಮತ್ತೆ ಎತ್ತಿಕೊಡುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಕಾಲೇಜು ವಿದ್ಯಾರ್ಥಿಗೂ ಅವು ಕಷ್ಟವಲ್ಲ.

ಇದು ಬರಿಯ ಊಹೆಯಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಸಿಂಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಾಟ್ ಎಂಬ ಇಬ್ಬರು 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 129 ಓದಲು ಬರುವಂತಿದ್ದುವು. ಸರಿಯಾಗಿ ಶುದ್ಧಿಯಾಗಿದ್ದುವು ಎಷ್ಟು? ಕೇವಲ 12! ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡಿನ ಸಂಖ್ಯೆಗಳು, ಖಾಸಗಿ ಪತ್ರಗಳು, ವೈದ್ಯಕೀಯ ವಿವರಗಳು ಸಿಕ್ಕಿದುವು. ಬ್ಯಾಂಕಿನ ಹಣ ನೀಡುವ ಯಂತ್ರದಲ್ಲಿದ್ದ ಡಿಸ್ಕೂ ಒಂದಿತ್ತು. ಮಾರಿದವರಲ್ಲಿ ಬಹಳ ಮಂದಿ ತಾವು ಎಲ್ಲವನ್ನೂ ಅಳಿಸಿದೆವೆಂದೇ ನಂಬಿದ್ದಿರಬೇಕು.

ಕಾಂತದ ಬರಹವನ್ನು ನಿಜವಾಗಿ ಅಳಿಸುವುದು ಹೇಗೆ? ಅದರ ಮೇಲೆಯೇ ಬೇರೆ ಬರೆಯಬೇಕು. ಈ ಮಾತಿನ ಸತ್ಯವನ್ನು ಅಮೆರಿಕದ ನಾಸಾ ಸಂಸ್ಥೆಯು ನೊಂದು ಕಲಿತಿದೆ. 1969ರಲ್ಲಿ ಮಾನವನು ಮೊದಲ ಬಾರಿ ಚಂದ್ರನ ಮೇಲೆ ನಡೆದಾಗಿನ ದೃಶ್ಯಗಳ ಮೂಲ ಟೇಪುಗಳನ್ನು ಬಹುಕಾಲ ಹುಡುಕಿ, ಅವನ್ನು ಅಳಿಸಿ ಬೇರೆ ದಾಖಲೆಗಳಿಗೆ ಮತ್ತೆ ಬಳಸಿಕೊಂಡಿರಬೇಕೆಂಬ ತೀರ್ಮಾನವನ್ನು ಅದು 2009ರಲ್ಲಿ ಪ್ರಕಟಿಸಿತು. ಅಷ್ಟು ಬೆಲೆಬಾಳುವ ಬರಹವನ್ನೂ ಮರಳಿ ಪಡೆಯಲಾಗಲಿಲ್ಲ. ಹಾರ್ಡ್ ಡಿಸ್ಕನ್ನು 35 ಬಾರಿ ತುಂಬಿ ತೊಳೆಯಬೇಕೆಂಬ ಮಾತು ಇಂದಿಗೂ ಕೇಳಿಬರುತ್ತದೆ. 1996ರಲ್ಲಿ ಪೀಟರ್ ಗುಟ್‌ಮನ್ ಎಂಬುವರು ಆಗಿನ ನಾನಾ ಬಗೆಯ ಡಿಸ್ಕುಗಳಿಗಾಗಿ ಹೇಳಿದ ಕ್ರಮವದು. ಇಂದಿನ ಡಿಸ್ಕುಗಳಿಗೆ ಅದು ವೃಥಾ ಶ್ರಮ. ತಟ್ಟೆಯ ಆರಂಭದಿಂದ ಅಂತ್ಯದವರೆಗೆ ಒಂದು ಬಾರಿ ಸೊನ್ನೆಗಳನ್ನು ತುಂಬಿದರೆ ಸಾಮಾನ್ಯವಾಗಿ ಸಾಕು. ಸೆಕೆಂಡಿಗೆ 100 ಮೆಗಾಬೈಟಿನಂತೆ ಬರೆದರೆ 500 ಗಿಗಾಬೈಟಿಗೆ 5,000 ಸೆಕೆಂಡು ಹಿಡಿಯುತ್ತದೆ, ಎಂದರೆ ಒಂದು ಗಂಟೆ ಇಪ್ಪತ್ತಮೂರು ನಿಮಿಷಗಳಷ್ಟು. ಎರಡೇ ನಿಮಿಷದಲ್ಲಿ ಶುದ್ಧಿ ಮುಗಿಯಿತೆಂದು ಅಂಗಡಿಯವನು ಹೇಳಿದರೆ ಈ ಲೆಕ್ಕವನ್ನು ನೆನೆಯಿರಿ. ಆದರೆ ಈ ಲೆಕ್ಕ ಹಾರ್ಡ್ ಡಿಸ್ಕಿಗೆ ಮಾತ್ರ.

ಏಕೆಂದರೆ ಹೊಸ ಯಂತ್ರಗಳಲ್ಲಿರುವ ಎಸ್‌ಎಸ್‌ಡಿಯ ಸ್ವಭಾವವೇ ಬೇರೆ. ಅದರಲ್ಲಿ ತಟ್ಟೆಯೂ ಇಲ್ಲ, ಕಾಂತವೂ ಇಲ್ಲ. ಸಿಲಿಕಾನಿನ ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವನ್ನು ಸೆರೆಹಿಡಿದು ಬರೆಯುತ್ತಾರೆ. ಪ್ರತಿ ಕೋಶವೂ ಬರೆದು ಅಳಿಸಿದಷ್ಟೂ ಸವೆಯುತ್ತದೆ. ಸವೆತವನ್ನು ಸಮನಾಗಿ ಹಂಚಲೆಂದು ಒಳಗಿನ ನಿಯಂತ್ರಕವು ಹೊಸ ಬರಹವನ್ನು ಹಳೆಯದರ ಮೇಲೆ ಬರೆಯದೆ ಬೇರೆ ಕೋಶಕ್ಕೆ ಕಳುಹಿಸುತ್ತದೆ. ಆದುದರಿಂದ ನಾವು ಹೊರಗಿನಿಂದ ಸೊನ್ನೆ ತುಂಬಿದರೂ ಹಳೆಯ ಬರಹದ ತುಣುಕುಗಳು ಯಾವುದೋ ಮೂಲೆಯಲ್ಲಿ ಉಳಿಯಬಹುದು. ಇಲ್ಲಿ ನಿಯಂತ್ರಕಕ್ಕೇ ಆಜ್ಞೆಯನ್ನು ಕೊಡಬೇಕು. 'ಸೆಕ್ಯೂರ್ ಇರೇಸ್' ಎಂಬ ಆ ಆಜ್ಞೆಯು ತಯಾರಕರ ತಂತ್ರಾಂಶದಲ್ಲಿಯೋ ಯಂತ್ರದ ಆರಂಭಿಕ ವ್ಯವಸ್ಥೆಯಲ್ಲಿಯೋ ದೊರೆಯುತ್ತದೆ. ಇನ್ನೊಂದು ಜಾಣ್ಮೆಯ ಉಪಾಯವೂ ಉಂಟು: ಮೊದಲ ದಿನದಿಂದಲೇ ಎಲ್ಲ ಬರಹವನ್ನೂ ಗೂಢಲಿಪಿಯಲ್ಲಿ ಇಡುವುದು. ಮಾರುವ ದಿನ ಅದರ ಕೀಲಿಯಾದ ಸಂಖ್ಯೆಯೊಂದನ್ನು ನಾಶಮಾಡಿದರೆ ಉಳಿದುದೆಲ್ಲ ಅರ್ಥವಿಲ್ಲದ ಗೊಂದಲವಾಗುತ್ತದೆ. ಇದಕ್ಕೆ ಕ್ಷಣಮಾತ್ರ ಸಾಕು.

ಇನ್ನು ಮಾರುವವನು ಮಾಡಬೇಕಾದುದೇನು? ಬೇಕಾದುದನ್ನು ಮೊದಲು ಬೇರೆಡೆಗೆ ನಕಲು ಮಾಡಿ, ಆ ನಕಲು ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಕನ್ನಡಿಗರು ಇಲ್ಲಿ ಒಂದು ಎಚ್ಚರ ವಹಿಸತಕ್ಕದ್ದು. ಯೂನಿಕೋಡ್ ಬರುವುದಕ್ಕೆ ಮುಂಚಿನ ಕ್ರಮದಲ್ಲಿ ನುಡಿ ತಂತ್ರಾಂಶದಿಂದ ಬೆರಳಚ್ಚಿಸಿದ ಕಡತಗಳು, ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ; ಆದಕಾರಣ ಅಕ್ಷರರೂಪದ ಕಡತವನ್ನೂ ಜೊತೆಗೆ ಉಳಿಸಿಕೊಳ್ಳಬೇಕು, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಬಳಿಕ ಮಿಂಚಂಚೆ ಮೊದಲಾದ ಖಾತೆಗಳಿಂದ ಹೊರಬರುವುದು. ವಿಂಡೋಸಿನ 'ರೀಸೆಟ್' ವ್ಯವಸ್ಥೆಯಲ್ಲಿ 'ರಿಮೂವ್ ಎವ್ರಿಥಿಂಗ್' ಎಂಬುದನ್ನು ಆರಿಸಿದರಷ್ಟೇ ಸಾಲದು; ಒಳಗೆ ಅಡಗಿರುವ 'ಕ್ಲೀನ್ ಡೇಟಾ' ಎಂಬುದನ್ನೂ ಒಪ್ಪಬೇಕು. ಅವಸರದವರು ಎಡವುವುದು ಇಲ್ಲಿಯೇ. ಕೊನೆಗೆ ಹೊಸದಾಗಿ ವಿಂಡೋಸನ್ನೋ, ಯಂತ್ರ ಹಳೆಯದಾಗಿದ್ದರೆ ಉಚಿತವಾದ ಲಿನಕ್ಸನ್ನೋ ಅಳವಡಿಸಿ ಕೊಟ್ಟರೆ ಕೊಳ್ಳುವ ವಿದ್ಯಾರ್ಥಿಗೆ ಉಪಕಾರವಾಗುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು, ಉದ್ದೇಶ ತೀರಿದ ಮೇಲೆ ಅನ್ಯರ ಮಾಹಿತಿಯನ್ನು ಅಳಿಸಬೇಕೆಂಬ ತತ್ತ್ವವನ್ನು ಒಪ್ಪಿದೆ. ಅಂಗಡಿಗೆ ಬಂದ ರೈತನಿಗೆ ಆ ಕಾಯಿದೆಯ ಹೆಸರೂ ತಿಳಿದಿರಲಾರದು. ತನ್ನ ಪಹಣಿಯ ಚಿತ್ರ ಯಾರ ಮೇಜಿಗೆ ಹೋಯಿತೆಂದು ಕೇಳಲು ಅವನಿಗೆ ದಾರಿಯೂ ಇಲ್ಲ.

ಕೆಟ್ಟು ನಿಂತ ಡಿಸ್ಕಿನ ಮೇಲೆ ಏನನ್ನೂ ಬರೆಯಲಾಗದು. ಆದರೆ ಬಲ್ಲವರು ಅದನ್ನೂ ಓದಬಹುದು. ಅಂತಹುದನ್ನು ಯಂತ್ರದಿಂದ ಬಿಚ್ಚಿ ತೆಗೆದು, ತಟ್ಟೆಗಳನ್ನು ತೂತುಕೊರೆದು ಬಗ್ಗಿಸಿ, ಆಮೇಲೆ ಅಧಿಕೃತ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಬೇಕು. ಉಳಿದ ಯಂತ್ರವನ್ನು ಡಿಸ್ಕಿಲ್ಲದೆಯೇ ಮಾರಬಹುದು. ಬೆಲೆ ತುಸು ಇಳಿಯುತ್ತದೆ, ಅಷ್ಟೇ.