ಟ್ರ್ಯಾಕ್ಟರು ಮುನಿದಾಗ

ಖಾನಾಪುರದ ಭತ್ತದ ಗದ್ದೆ ಹದಕ್ಕೆ ಬಂದ ದಿನವೇ ಟ್ರ್ಯಾಕ್ಟರು ಮುನಿಸಿಕೊಂಡರೆ ರೈತನ ಗತಿಯೇನು?

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಈ ಬಗೆಯ ಎಂಜಿನ್ನಿಗೆ ಕಿಡಿ ಬೇಡ. ಅದುಮಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದುದರಿಂದ ಮೊದಲು ನೋಡತಕ್ಕದ್ದು ಹೊಗೆಯನ್ನು. ಎಂಜಿನ್ ತಿರುಗಿಸಿದಾಗ ಬಿಳಿಹೊಗೆ ಬಂದರೆ ಎಣ್ಣೆ ತಲುಪಿದೆ, ಕಾವು ಸಾಲದು. ಹೊಗೆಯೇ ಇಲ್ಲದಿದ್ದರೆ ಎಣ್ಣೆ ತಲುಪಿಲ್ಲ. ಟ್ಯಾಂಕು ಬರಿದಾದಾಗ ಕೊಳವೆಯೊಳಗೆ ಗಾಳಿ ಸೇರುವುದು ಇದಕ್ಕೊಂದು ಸಾಮಾನ್ಯ ಕಾರಣ. ಟ್ಯಾಂಕು ತುಂಬಿಸಿ, ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತಬೇಕು. ಗುಳ್ಳೆ ನಿಂತು ಬರಿಯ ಡೀಸೆಲ್ ಹರಿದೊಡನೆ ತಿರುಪನ್ನು ಬಿಗಿಯಬೇಕು. ಅದನ್ನು ಬಿಟ್ಟು ಬ್ಯಾಟರಿ ಸೋಲುವವರೆಗೆ ಕೀಲಿ ತಿರುಗಿಸುವುದು ಅವಿವೇಕ.

ಗದ್ದೆಯಲ್ಲಿ ಕಳೆದುಕೊಂಡ ಹದದ ಲೆಕ್ಕ ಸುಗ್ಗಿಯಲ್ಲಿ ಬೆಳಗಾವಿಯ ರವಿವಾರ ಪೇಟೆಯ ತಕ್ಕಡಿಯಲ್ಲಿ ತಪ್ಪದೆ ಕಾಣುತ್ತದೆ.